ಬಾಲರಾಜ ಕುಡಿತ ಬಿಟ್ಟ ಕಥೆ

ಬಾಲರಾಜನಿಗೆ ಇದ್ದ ಆಸ್ತಿ ಒಂದೇ: ಅವನು ಕುಡಿಯುತ್ತಿರಲಿಲ್ಲ.

ಹೇಳಿಕೊಳ್ಳುವಂಥ ಬೇರೆ ಗುಣ ತನ್ನಲ್ಲಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ಓದು ಪಿಯುಸಿಯಲ್ಲಿ ಇಂಗ್ಲಿಷಿಗೆ ಎಡವಿ ಬಿದ್ದು ಅಲ್ಲೇ ಮಲಗಿತ್ತು. ತಲೆಗೂದಲು ಮೂವತ್ತು ತುಂಬುವ ಮೊದಲೇ ಒಂದೊಂದಾಗಿ ಕೆಲಸ ಬಿಟ್ಟು ಹೋಗುತ್ತಿತ್ತು. ಬಣಕಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಜೀಪು ಓಡಿಸುವ ಕೆಲಸ, ಕೊಯ್ಲಿನ ಕಾಲದಲ್ಲಿ ಲೆಕ್ಕ ಬರೆಯುವ ರೈಟರ್ ಪಕ್ಕ ಕೂತು ಹಣ್ಣಿನ ಚೀಲ ತೂಗಿಸುವ ಕೆಲಸ. ಆದರೂ ಯಾವ ಮದುವೆಮನೆಗೆ ಹೋದರೂ ಅವನ ಪರಿಚಯ ಎರಡು ಮಾತಲ್ಲಿ ಮುಗಿಯುತ್ತಿತ್ತು: "ಸೋಮಶೇಖರಪ್ಪನವರ ಡ್ರೈವರ್. ಕುಡಿಯಲ್ಲ." ಎರಡನೆಯ ಮಾತಿಗೆ ಹೆಂಗಸರು ತಿರುಗಿ ನೋಡುತ್ತಿದ್ದರು. ಗಂಡಸರು, ಪಾಪ, ಏನೋ ಕಾಯಿಲೆ ಇರಬೇಕು ಅಂದುಕೊಳ್ಳುತ್ತಿದ್ದರು.

ಕಾಯಿಲೆಯೇನೂ ಇರಲಿಲ್ಲ. ಅಪ್ಪ ಎರಡು ತಲೆಮಾರಿಗೆ ಸಾಕಾಗುವಷ್ಟು ಕುಡಿದು ಹೋಗಿದ್ದ. ಅವ್ವ ಮುತ್ತಮ್ಮನ ತಾಮ್ರದ ಹಂಡೆಯನ್ನು ತಲೆಯ ಮೇಲೆ ಕವುಚಿಕೊಂಡು, ತಾನು ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯದಲ್ಲಿ, ಬಣಕಲ್ ಪೇಟೆಯುದ್ದಕ್ಕೂ ನಡೆದು ಅದನ್ನು ಮಾರಿ ಕುಡಿದವನು ಅವನು. ಹೊಟ್ಟೆ ಊದಿ ಸತ್ತಾಗ ಅವ್ವ ಅಳಲಿಲ್ಲ. ಮಗನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿಕೊಂಡಳು, ಅಷ್ಟೇ.

ಆ ಆಣೆಯೇ ಅವನಿಗೆ ಹೆಣ್ಣನ್ನೂ ತಂದಿತು. ಮಲ್ಲಂದೂರಿನ ಗುರುವಯ್ಯ ಮೇಸ್ತ್ರಿಯ ಇಬ್ಬರು ತಮ್ಮಂದಿರು ಹೆಂಡದಲ್ಲೇ ಕರಗಿಹೋಗಿದ್ದರು. ಮಗಳು ಯಶೋದಾ ಮೂಡಿಗೆರೆಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಹೆಣ್ಣು ನೋಡಲು ಹೋದ ದಿನ ಗುರುವಯ್ಯ ಜಾತಕ ಕೇಳಲಿಲ್ಲ, ಸಂಬಳವನ್ನೂ ಕೇಳಲಿಲ್ಲ. ಹತ್ತಿರ ಬಂದು, ಮಾತಾಡುವ ನೆಪದಲ್ಲಿ ಹುಡುಗನ ಬಾಯಿಯ ವಾಸನೆ ನೋಡಿದರು. ಬಾಲರಾಜ ಬೆಳಿಗ್ಗೆ ತಿಂದ ಈರುಳ್ಳಿಯ ವಾಸನೆ ಬಂದಿರಬೇಕು. "ಆಯ್ತು" ಅಂದರು. ಮದುವೆ ಮೇ ತಿಂಗಳಿಗೆ ಎಂದು ಮಾತಾಯಿತು.

ಕುಡಿಯದವನಿಗೆ ಎಸ್ಟೇಟಿನಲ್ಲಿ ಒಂದು ವಿಶೇಷ ಕೆಲಸ ಅಂಟಿಕೊಳ್ಳುತ್ತದೆ: ಕುಡಿದವರನ್ನು ಮನೆ ಮುಟ್ಟಿಸುವುದು. ಎಸ್ಟೇಟಿನ ಸಾವ್ಕಾರರು ಸೋಮಶೇಖರಪ್ಪ ವಾರಕ್ಕೆರಡು ಸಲ ಮೂಡಿಗೆರೆಯ ಕ್ಲಬ್ಬಿಗೆ ಹೋಗುತ್ತಿದ್ದರು. ಹೋಗುವಾಗ ತಾವೇ ಜೀಪು ಓಡಿಸುತ್ತಿದ್ದರು, ಬರುವಾಗ ಬಾಲರಾಜ. ಅವರ ಹೆಂಡತಿ ಸಾವಿತ್ರಮ್ಮ ಜಗಲಿಯ ಮೇಲೆ ನಿಂತು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು, "ಮುಟ್ಸಿದ್ಯಾ?" ಅವನದೂ ಒಂದೇ ಉತ್ತರ, "ಮುಟ್ಸಿದೆ ಅಮ್ಮಾವ್ರೇ." ಗಂಡ ಎಷ್ಟು ಕುಡಿದ, ಯಾಕೆ ಕುಡಿದ ಎಂಬ ವಿಚಾರ ಆ ಮನೆಯಲ್ಲಿ ಬರುತ್ತಿರಲಿಲ್ಲ. ಮುಟ್ಟಿದರೆ ಸರಿ. ಮುಟ್ಟದಿದ್ದರೆ ತಪ್ಪು ಬಾಲರಾಜನದು.

ದಾರಿಯಲ್ಲಿ ಒಂದು ಮೋರಿ ಇತ್ತು. ಆ ತಿರುವಿಗೆ ಬಂದಾಗ ಸಾವ್ಕಾರರು "ನಿಲ್ಸು" ಅನ್ನುತ್ತಿದ್ದರು. ಇಳಿದು, ಮೋರಿಯ ಕಟ್ಟೆ ಹತ್ತಿ, ಕೆಳಗಿನ ಕಣಿವೆಗೆ ಮುಖಮಾಡಿ ಮೂತ್ರ ಮಾಡುವುದು ಅವರ ಪದ್ಧತಿ. ಅವರ ಅಪ್ಪನದೂ ಅದೇ ಪದ್ಧತಿಯಂತೆ, ಅದೇ ಮೋರಿಯಂತೆ. ಎತ್ತರದಲ್ಲಿ ನಿಂತರೇ ಅವರಿಗೆ ಸರಾಗ. ಆಗ ಬಾಲರಾಜ ಹೆಡ್‌ಲೈಟ್ ಆರಿಸಿ, ಇಳಿದು, ಬೆನ್ನು ಹಾಕಿ ನಿಲ್ಲಬೇಕು. ಹಿಂದಿನ ಡ್ರೈವರು ಕೆಲಸ ಬಿಟ್ಟು ಹೋಗುವಾಗ ಕ್ಲಚ್ಚಿನ ವಿಚಾರದ ಜೊತೆಗೆ ಇದನ್ನೂ ಹೇಳಿಕೊಟ್ಟಿದ್ದ: "ಮುಖ ತಿರುಗ್ಸದು ಮರಿಬೇಡ ಮಾರಾಯ. ಅದು ಮರ್ಯಾದೆ." ಆರು ವರ್ಷದಲ್ಲಿ ಬಾಲರಾಜನ ಕತ್ತು ಆ ಮೋರಿಯ ಹತ್ತಿರ ತಾನಾಗಿಯೇ ತಿರುಗುವಷ್ಟು ಪಳಗಿತ್ತು.

ಆ ಕತ್ತನ್ನು ಅವನು ಸಮುದ್ರಕ್ಕೂ ತೆಗೆದುಕೊಂಡು ಹೋದ.

ಕೊಯ್ಲು ಮುಗಿದು ಒಣಗಿದ ಪಾರ್ಚ್‌ಮೆಂಟ್ ಕಾಫಿ ಲಾರಿ ಹತ್ತಿದ ಮೇಲೆ ಕ್ಲಬ್ಬಿನ ಗೆಳೆಯರು ಹಡಗಿನ ಪ್ರವಾಸ ಹೊರಟರು. ಕೊಚ್ಚಿಯಲ್ಲಿ ಹತ್ತಿ ಲಕ್ಷದ್ವೀಪದ ಕಡೆ ಸುತ್ತಿ ಬರುವುದು. ಮುಂದಾಳು ದಿಲೀಪ್, ಪಕ್ಕದ ಎಸ್ಟೇಟಿನ ಕಿರಿ ವಯಸ್ಸಿನ ಮಾಲೀಕ. ತಿನ್ನುವುದು ಕುಡಿಯುವುದು ಎಲ್ಲ ಟಿಕೇಟಿನಲ್ಲೇ ಸೇರಿದೆ, ಬೇಕಾದಷ್ಟು, ಎಂದು ಅವನು ವಿವರಿಸಿದಾಗ ಸಾವಿತ್ರಮ್ಮ ಒಳಗಿನಿಂದಲೇ ಕೂಗಿದರು: "ಬಾಲರಾಜ ಜೊತೆಗೆ ಬಂದ್ರೆ ಇವ್ರು ಬರ್ತಾರೆ. ಇಲ್ಲಾಂದ್ರೆ ಇಲ್ಲ."

"ಹಡಗಿಗೆ ಡ್ರೈವರ್ ಇರ್ತಾನೆ ಅತ್ತಿಗೆ" ಎಂದ ದಿಲೀಪ್.

"ಹಡಗು ಓಡ್ಸೋಕಲ್ಲಪ್ಪ. ಇವ್ರನ್ನ ಮುಟ್ಸೋಕೆ." ಆಮೇಲೆ ಹೊರಗೆ ಬಂದು ಬಾಲರಾಜನಿಗೆ ಹೇಳಿದರು, "ಕರ್ಕೊಂಡು ಹೋದ ಹಾಗೇ ಕರ್ಕೊಂಡು ಬರ್ಬೇಕು."

ಹಡಗು ಅಂದರೆ ಚಿಕ್ಕಮಗಳೂರಿನ ದೊಡ್ಡ ಲಾಡ್ಜುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ನೀರಿಗೆ ತಳ್ಳಿದ ಹಾಗಿತ್ತು. ಹತ್ತಿದ ಕೂಡಲೇ ಎಲ್ಲರ ಮಣಿಕಟ್ಟಿಗೂ ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಸುತ್ತಿದರು. ಬಾರಿನಲ್ಲಿ ಅದನ್ನು ಮೆಷಿನ್ನಿಗೆ ತೋರಿಸಿದರೆ ಟುಂಯ್ ಅನ್ನುತ್ತದೆ, ಗ್ಲಾಸು ಬರುತ್ತದೆ. ಬಾಲರಾಜನಿಗೂ ಒಂದು ಪಟ್ಟಿ. ಆಮೇಲೆ ಎಲ್ಲರನ್ನೂ ಸೇರಿಸಿ ಅಪಾಯ ಬಂದಾಗ ಏನು ಮಾಡಬೇಕೆಂದು ಪಾಠ ಹೇಳಿದರು. ಪ್ಲಾಂಟರುಗಳು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಬಾಲರಾಜ ಮಾತ್ರ ಪರೀಕ್ಷೆಗೆ ಕೂತವನ ಹಾಗೆ ಕೇಳಿಸಿಕೊಂಡ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಕಿತ್ತಳೆ ಬಣ್ಣದ ತೇಲುವ ಬಳೆ ಎಸೆಯಬೇಕು, ಕೂಗಬೇಕು, ಬಿದ್ದವನ ಕಡೆಗೆ ಕೈ ನೀಡಿ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯ, ಅವನ ಮೇಲಿಂದ ಕಣ್ಣು ತೆಗೆಯಬಾರದು. ಹಡಗು ಮುಂದೆ ಹೋಗುತ್ತಿರುತ್ತದೆ. ಒಂದು ಸಲ ಕಣ್ಣು ತಪ್ಪಿದರೆ ತಲೆ ಅಲೆಯೊಳಗೆ ಕಳೆದುಹೋಗುತ್ತದೆ. ಹಿಂದಿಯಲ್ಲಿ ಹೇಳಿದ್ದರಿಂದ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಅವರು ಅಭಿನಯಿಸಿ ತೋರಿಸಿದರು.

ಎರಡನೆಯ ದಿನ ಕುಡಿತ ಹನ್ನೊಂದು ಗಂಟೆಯ ಬಿಸಿಲಿಗೇ ಶುರುವಾಯಿತು. ಮಧ್ಯಾಹ್ನ ಮುಗಿಯುವ ಹೊತ್ತಿಗೆ ಸೋಮಶೇಖರಪ್ಪ ಕಂಬಕ್ಕೆ "ನಮಸ್ಕಾರ, ಚೆನ್ನಾಗಿದೀರಾ?" ಅನ್ನುವ ಹಂತಕ್ಕೆ ಬಂದಿದ್ದರು. ಬಾರಿನ ಹುಡುಗ ಒಳ್ಳೆಯವನೇ. ಅವರು ಪಟ್ಟಿ ಚಾಚಿದಾಗ ಕೈ ಜೋಡಿಸಿ, "ಸರ್, ಇನ್ನು ಸಾಕು, ನೀರು ಕೊಡ್ತೀನಿ" ಎಂದ. ಮಿತಿ ಮೀರಿದವರಿಗೆ ಸುರಿಯಬಾರದೆಂಬ ನಿಯಮ ಗೋಡೆಯ ಮೇಲೂ ಬರೆದಿತ್ತು.

ಬಣಕಲ್ಲಿನ ಕಡೆಯಿಂದ ಬಂದವರಿಗೆ 'ಸಾಕು' ಎಂಬುದು ಉಣ್ಣುವವನು ಹೇಳುವ ಮಾತು. ಬಡಿಸುವವನು ಹೇಳಿದರೆ ಅವಮಾನ. ಸಾವ್ಕಾರರ ಮುಖ ಕೆಂಪಾಯಿತು. ದಿಲೀಪ್ ಬಾಲರಾಜನ ಕಡೆ ತಿರುಗಿದ.

"ಲೋ ಬಾಲ, ನಿನ್ ಪಟ್ಟಿ ಕನ್ಯೆ ಇದ್ದಂಗೆ ಇದೆ. ಕೈ ಕೊಡು."

"ನಾನು ಕುಡಿಯಲ್ಲ ಸಾರ್."

"ಕುಡಿ ಅಂದೋರ್ಯಾರು ಮಾರಾಯ? ಕೈ ಕೊಡು ಅಂದೆ."

ಬಾಲರಾಜ ಕೈ ಕೊಟ್ಟ. ಟುಂಯ್. ಇನ್ನೊಂದು ಸಲ, ಟುಂಯ್. ಗ್ಲಾಸು ಯಾರ ಕೈಗೆ ಹೋಗುತ್ತಿದೆ ಎಂಬುದು ಬಾರಿನ ಹುಡುಗನಿಗೆ ಕಾಣುತ್ತಿತ್ತು. ಅವನು ಕ್ಯೂನಲ್ಲಿದ್ದ ಮುಂದಿನವರನ್ನು ನೋಡಿದ. ಹೊತ್ತು ಮುಳುಗುವವರೆಗೂ ಬಾಲರಾಜ ಅಲ್ಲೇ ನಿಂತು, ಕರೆದಾಗಲೆಲ್ಲ ಮಣಿಕಟ್ಟು ನೀಡುತ್ತಿದ್ದ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಗೆಳೆಯರಿಗೆಲ್ಲ ಹಬ್ಬವಾಯಿತು, ಕುಡಿಯದ ಒಬ್ಬನ ದೆಸೆಯಿಂದ.

ಆಮೇಲೆ ಸಾವ್ಕಾರರು ಅವನ ಹೆಗಲು ಹಿಡಿದು ಹೊರಟರು. ಶೌಚಾಲಯ ಎರಡು ಹೆಜ್ಜೆಯಲ್ಲಿತ್ತು. "ಅಲ್ಲಿ ಆಗಲ್ವೋ. ಗಾಳಿ ಇರೋ ಕಡೆ ನಡಿ" ಅಂದರು. ಹಡಗಿನ ಹಿಂಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಯಾರೂ ಇಲ್ಲದ ಒಂದು ಮೂಲೆ. ಎದೆಮಟ್ಟದ ಕಂಬಿ. ಕಂಬಿಯ ಪಕ್ಕ ಲೈಫ್ ಜಾಕೆಟ್ ತುಂಬಿಡುವ ಪೆಟ್ಟಿಗೆ, ಥೇಟ್ ಮೋರಿಯ ಕಟ್ಟೆಯಷ್ಟೇ ಎತ್ತರ. ಸಾವ್ಕಾರರ ಮುಖ ಅರಳಿತು.

"ನಿಲ್ಸು" ಅಂದರು.

ನಿಲ್ಲಿಸಲು ಜೀಪಿರಲಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಬಾಲರಾಜನ ಕತ್ತು ತಿರುಗಿಬಿಟ್ಟಿತು. ಬೆನ್ನು ಹಾಕಿ ನಿಂತ. ಪದ್ಧತಿಯಂತೆ ಒಮ್ಮೆ ಕೆಮ್ಮಿದ ಕೂಡ. ಅವನ ಕಣ್ಣ ಮುಂದೆ ಬಿಳಿ ಬಣ್ಣ ಹೊಡೆದ ತಗಡಿನ ಗೋಡೆ, ಅದರ ಮೇಲೆ ಸಂಜೆಯ ಕೆಂಪು. ಹಿಂದೆ ಬೂಟು ಜಾರಿದ ಸದ್ದು, ಅಷ್ಟೇ. ಕೂಗೂ ಕೇಳಿಸಲಿಲ್ಲ. ಆಗಲೂ ಅವನು ತಕ್ಷಣ ತಿರುಗಲಿಲ್ಲ, ಇನ್ನೂ ಮುಗಿದಿರಲಿಕ್ಕಿಲ್ಲ ಅಂದುಕೊಂಡ. ತಿರುಗಿದಾಗ ಪೆಟ್ಟಿಗೆಯ ಮೇಲೆ ಯಾರೂ ಇರಲಿಲ್ಲ.

ಮುಂದಿನದನ್ನು ಕೈಕಾಲುಗಳೇ ಮಾಡಿದವು. ಕಿತ್ತಳೆ ಬಳೆ ಕಿತ್ತು ಎಸೆದ. "ಸಾವ್ಕಾರ್ರು ಬಿದ್ರೋ!" ಎಂದು ಶುದ್ಧ ಬಣಕಲ್ ಕನ್ನಡದಲ್ಲಿ ಅರಬ್ಬೀ ಸಮುದ್ರಕ್ಕೆ ಕೇಳುವಂತೆ ಕೂಗಿದ. ಭಾಷೆ ಯಾವುದಾದರೇನು, ಆ ದನಿಗೆ ಜನ ಓಡಿಬಂದರು. ಅವನು ಬಲಗೈ ನೀಡಿ, ಹಿಂದೆ ಹಿಂದೆ ಸರಿಯುತ್ತಿದ್ದ ಆ ಕರಿಯ ಚುಕ್ಕೆಯನ್ನು ಕಣ್ಣಲ್ಲೇ ಕಚ್ಚಿ ಹಿಡಿದ. ರೆಪ್ಪೆ ಬಡಿದರೆ ಹೋದರು ಎಂದು ರೆಪ್ಪೆಯನ್ನೂ ಬಡಿಯಲಿಲ್ಲ. ಯಾರೋ ಭುಜ ಹಿಡಿದು ಪಕ್ಕಕ್ಕೆಳೆದರು, ಒದ್ದ. ಇನ್ಯಾರೋ ಏನೋ ಕೇಳಿದರು, "ಅಲ್ಲಿ, ಅಲ್ಲಿ" ಎಂದು ಕಿರುಚಿದ. ಹಡಗು ತಿರುಗಿ ಬರುವವರೆಗೆ, ಸಣ್ಣ ದೋಣಿ ಇಳಿಯುವವರೆಗೆ, ಆ ದೋಣಿ ಅವನ ಬೆರಳು ತೋರಿಸಿದ ಕಡೆಗೇ ಹೋಗಿ ಸಾವ್ಕಾರರನ್ನು ಎತ್ತಿಕೊಳ್ಳುವವರೆಗೆ ಆ ಕೈ ಇಳಿಯಲಿಲ್ಲ. ಕುದುರೆಮುಖದಲ್ಲಿ ಗಣಿ ಕಂಪನಿ ನಡೆಯುತ್ತಿದ್ದ ಕಾಲಕ್ಕೆ ಸೋಮಶೇಖರಪ್ಪ ಅಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಈಜು ಕಲಿತಿದ್ದರು. ಅದೂ ಬಳೆಯೂ ಸೇರಿ ಅವರನ್ನು ತೇಲಿಸಿದ್ದವು. ಮೇಲೆ ತಂದಾಗ ಬಾಲರಾಜ ನೆಲಕ್ಕೆ ಕುಸಿದು ಕೂತು ಅತ್ತ. ಮುಟ್ಟಿಸಿದೆ ಅನ್ನಿಸಿತು.

ಮಾರನೆಯ ಬೆಳಿಗ್ಗೆ ಹಡಗಿನ ಅಧಿಕಾರಿಯ ಕೋಣೆಯಲ್ಲಿ ವಿಚಾರಣೆ. ಕುಡಿದು ಕಂಬಿ ಹತ್ತಿದ್ದು ಯಾರು ಎಂಬುದಷ್ಟೇ ಅಧಿಕಾರಿಗೆ ಬೇಕಾಗಿತ್ತು. ಕುಡಿಸಿದವರು ಯಾರೆಂಬ ಪ್ರಶ್ನೆಗೆ ಆ ಕೋಣೆಯಲ್ಲಿ ಕುರ್ಚಿ ಹಾಕಿರಲಿಲ್ಲ. ಕಂಬಳಿ ಹೊದ್ದು ಕೂತಿದ್ದ ಸೋಮಶೇಖರಪ್ಪ ಬಾಲರಾಜನ ಮುಖ ನೋಡಲಿಲ್ಲ. ಇಂಗ್ಲಿಷಿನಲ್ಲಿ ಮಾತಾಡಿದರು. ಪಿಯುಸಿಯಲ್ಲಿ ಅವನನ್ನು ಬೀಳಿಸಿದ್ದ ಅದೇ ಇಂಗ್ಲಿಷು ಅಂದು ನಿಧಾನವಾಗಿ, ಒಂದೊಂದೇ ಪದವಾಗಿ ಅರ್ಥವಾಯಿತು. "ಮೈ ಡ್ರೈವರ್. ಡ್ರಂಕ್. ಐ ವೆಂಟ್ ಟು ಹೋಲ್ಡ್ ಹಿಮ್."

ಅಧಿಕಾರಿ ಮೆಷಿನ್ನಿನ ಲೆಕ್ಕ ನೋಡಿದ. ಸೋಮಶೇಖರಪ್ಪನವರ ಪಟ್ಟಿ ಸಂಜೆಗೆ ಮುಂಚೆಯೇ ನಿಂತಿತ್ತು. ಅಲ್ಲಿಂದ ಮುಂದೆ ಕುಡಿದದ್ದೆಲ್ಲ ಬಾಲರಾಜನ ಕೈ. ಆ ಲೆಕ್ಕ ನಂಬಿದರೆ ಅವನು ನಿಲ್ಲುವುದಿರಲಿ, ಬದುಕಿರುವುದೇ ಆಶ್ಚರ್ಯ.

"ನಾನಲ್ಲ ಸಾರ್, ಇವ್ರು ನನ್ನ ಕೈ..." ಎಂದು ಅವನು ದಿಲೀಪನ ಕಡೆ ನೋಡಿದ. ದಿಲೀಪ್ ಮೊಬೈಲ್ ನೋಡುತ್ತಿದ್ದ. ಬಾಗಿಲ ಬಳಿ ನಿಂತಿದ್ದ ಬಾರಿನ ಹುಡುಗ ತನ್ನ ಬೂಟು ನೋಡುತ್ತಿದ್ದ; ಒಬ್ಬನ ಪಟ್ಟಿಗೆ ಇನ್ನೊಬ್ಬನಿಗೆ ಸುರಿದೆ ಎಂದರೆ ಅವನ ಕೆಲಸ ಹೋಗುತ್ತಿತ್ತು. ಅವನೂ ಯಾವುದೋ ಊರಿನ ಒಬ್ಬ ಬಾಲರಾಜ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತೆಂದು ಗಾದೆ. ಈ ಮೇಕೆ ಒರೆಸುವವರಿಗೆ ಅನುಕೂಲವಾಗಲೆಂದು ತಾನೇ ಮುಂದೆ ಬಂದು ನಿಂತಿತ್ತು. ಕೈ ಕೊಡು ಅಂದಾಗ ಕೈ ಕೊಟ್ಟವನು ಅವನೇ ತಾನೆ? ಈಗ ಅವರು ಕೈ ಕೊಟ್ಟರು. ಸಾಲ ತೀರಿತು.

ಕಂಪನಿಯ ಯಾವ ಹಡಗಿಗೂ ಬಾಲರಾಜನನ್ನು ಇನ್ನು ಹತ್ತಿಸುವುದಿಲ್ಲವೆಂದು ತೀರ್ಮಾನವಾಯಿತು. ಹತ್ತುವ ಯೋಚನೆ ಅವನಿಗೂ ಇರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಕಾರಿನಲ್ಲಿ ಸೋಮಶೇಖರಪ್ಪ ಒಂದೇ ಸಲ ಮಾತಾಡಿದರು. "ನಂಗೆ ಸಂಘದ್ದು, ದೇವಸ್ಥಾನದ್ದು ಎಲ್ಲ ಇದೆ ಬಾಲ. ಉಚ್ಚೆ ಹೊಯ್ಯೋಕೆ ಹೋಗಿ ಸಮುದ್ರಕ್ಕೆ ಬಿದ್ದ ಅಂದ್ರೆ ಜನ ನಗಾಡ್ತಾರೆ. ನಿಂಗೆಂತದು? ನಾಲ್ಕು ದಿನ ಆಡ್ಕೊಂಡು ಬಿಡ್ತಾರೆ."

ನಾಲ್ಕು ದಿನ ಬೇಕಾಗಲಿಲ್ಲ. ಹಡಗಿನಲ್ಲಿ ಯಾರೋ ತೆಗೆದ ವಿಡಿಯೊ ಅವರಿಗಿಂತ ಮುಂಚೆ ಮೂಡಿಗೆರೆ ತಲುಪಿತ್ತು. ಅದರಲ್ಲಿ ಸಾವ್ಕಾರರು ಕಾಣುವುದಿಲ್ಲ, ಸಮುದ್ರವೂ ಅಷ್ಟಾಗಿ ಕಾಣುವುದಿಲ್ಲ. ಕೂದಲು ಕೆದರಿ, ಕಣ್ಣು ಕೆಂಪಗೆ ಬಿಟ್ಟುಕೊಂಡು, ಹಿಡಿಯಲು ಬಂದವರನ್ನೆಲ್ಲ ಒದೆಯುತ್ತಾ, ಶೂನ್ಯಕ್ಕೆ ಬೆರಳು ತೋರಿಸಿ ಕಿರುಚುತ್ತಿರುವ ಬಾಲರಾಜ ಕಾಣುತ್ತಾನೆ. ಅವನೇ ಮೂರು ಸಲ ನೋಡಿದ. ಗುರುತಿಲ್ಲದವನಾಗಿದ್ದರೆ ತಾನೂ ಅನ್ನುತ್ತಿದ್ದ: ಕತ್ತಿನಮಟ್ಟ ಕುಡಿದಿದಾನೆ.

ಸಾವಿತ್ರಮ್ಮ ಜಗಲಿಯಲ್ಲಿ ನಿಂತಿದ್ದರು. ಗಂಡ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು. "ನೀನು ಕುಡಿಯಲ್ಲ ಅಂತ ನಂಗೊತ್ತು."

"ಹಂಗಾದ್ರೆ ಒಂದ್ಮಾತು ಹೇಳಿ ಅಮ್ಮಾವ್ರೇ. ಗುರುವಯ್ಯ ಮೇಸ್ತ್ರಿಗೆ ಹೇಳಿದ್ರೂ ಸಾಕು."

"ಹೇಳ್ಬೋದಿತ್ತು" ಎಂದು ಅವರು ಅಂಗಳದ ಕಡೆ ನೋಡಿದರು. "ಇವ್ರ ಮರ್ಯಾದೆ ಇದೆಯಲ್ಲ."

ಗುರುವಯ್ಯ ತಾವಾಗಿಯೇ ಬಂದರು. ಈ ಸಲ ಬಾಯಿಯ ವಾಸನೆ ನೋಡಲಿಲ್ಲ, ದೂರವೇ ನಿಂತರು. ಮದುವೆ ನಿಲ್ಲಿಸುತ್ತೇನೆ ಎಂದು ಅವರು ಬಾಯಿ ಬಿಡುವ ಮೊದಲೇ ಸೋಮಶೇಖರಪ್ಪ ದೊಡ್ಡ ಮನಸ್ಸು ಮಾಡಿದರು. "ಹುಡುಗ ಒಳ್ಳೇವ್ನೇ ಗುರುವಯ್ಯ. ಏನೋ ಸಹವಾಸ. ಬಣಕಲ್ಲಿನ ಸಮುದಾಯ ಭವನದಲ್ಲಿ ಮದ್ಯವರ್ಜನ ಶಿಬಿರ ಇದೆ, ನಾನೇ ಗೌರವಾಧ್ಯಕ್ಷ. ಎಂಟು ದಿನ ಕೂರ್ಲಿ. ಕೊನೇ ದಿನ ಸ್ಟೇಜ್ ಮೇಲೆ ನಿಂತು ಬಿಟ್ಟೆ ಅಂತ ಹೇಳ್ಲಿ. ಅಲ್ಲಿಗೆ ಮುಗೀತು." ಆಮೇಲೆ ಬಾಲರಾಜನಿಗೆ, ಎಲ್ಲರಿಗೂ ಕೇಳುವಂತೆ, "ಕೂತ್ಕೋತೀಯ ತಾನೆ? ಇಲ್ಲಾಂದ್ರೆ ಬೇರೆ ಕಡೆ ಕೆಲ್ಸ ನೋಡ್ಕೋಬೇಕಾಗುತ್ತೆ ಮಾರಾಯ. ಕುಡುಕ ಡ್ರೈವರನ್ನ ಇಟ್ಕೊಂಡ್ರೆ ನನ್ನ ಹೆಸ್ರು ಏನಾಗ್ಬೇಕು?"

ಕೆಲಸ ಹೋದರೆ ಎಸ್ಟೇಟ್ ಆಳುಗಳಿಗೆ ಕೊಟ್ಟ ಲೈನಿನ ಮನೆ ಬಿಡಬೇಕು. ಅವ್ವ ಮದುವೆಯಾಗಿ ಬಂದದ್ದು ಆ ಮನೆಗೆ, ಹಂಡೆ ಕಳೆದುಕೊಂಡದ್ದೂ ಅದೇ ಮನೆಯಲ್ಲಿ. ಬಾಲರಾಜ ತಲೆ ಆಡಿಸಿದ.

ಅಂದು ಸಂಜೆ ಯಶೋದಾ ಫೋನು ಮಾಡಿದಳು. ನಡೆದದ್ದನ್ನೆಲ್ಲ ಅವನು ಅವಳಿಗೆ ಮೊದಲೇ ಹೇಳಿದ್ದ, ಅವಳು ನಂಬಿದ್ದಳು.

"ಶಿಬಿರಕ್ಕೆ ಬೇಕಾರೆ ಹೋಗಿ. ಎಂಟು ದಿನ ಪುಕ್ಕಟೆ ಊಟ" ಎಂದಳು. "ಆದ್ರೆ ಸ್ಟೇಜ್ ಹತ್ತಿ ಕುಡ್ದೆ ಅಂತ ಹೇಳ್ಬೇಡಿ."

"ಹೇಳಿದ್ರೇ ಅಲ್ವಾ ನಿಮ್ಮಪ್ಪ ಒಪ್ಪೋದು?"

"ಅಪ್ಪ ಒಪ್ತಾರೆ, ನಾನು ಒಪ್ಪಲ್ಲ. ಕುಡುಕನ ಜೊತೆ ಹೆಂಗೋ ಬಾಳ್ಬೋದು, ಕುಡ್ದಿದ್ದು ಇಳಿದಾಗ್ಲಾದ್ರೂ ನಿಜ ಹೇಳ್ತಾನೆ. ಸಾವ್ಕಾರ್ರು ಕುಡಿದ್ರೆ ನಿಮಗೆ ಅಮಲೇರತ್ತೆ ಅಂದ್ರೆ, ನಾಳೆ ಅವ್ರು ಇನ್ನೊಂದು ಮಾಡಿದ್ರೆ ಅದೂ ನಿಮ್ದೇನಾ? ನಂಗೆ ಅದೆಲ್ಲ ಬೇಡ."

ಶಿಬಿರದಲ್ಲಿ ಬಿಳಿ ಟೋಪಿ ಹಾಕಿಸಿದರು. ಬೆಳಿಗ್ಗೆ ಪ್ರಾರ್ಥನೆ, ಯೋಗಾಸನ, ಗಂಜಿ. ಆಮೇಲೆ ಒಬ್ಬೊಬ್ಬರಾಗಿ ಎದ್ದು ತಮ್ಮ ಕುಡಿತದ ಕಥೆ ಹೇಳಬೇಕು. ನಡೆಸುತ್ತಿದ್ದ ಮಂಜಯ್ಯ ಮೇಷ್ಟ್ರು ನಿವೃತ್ತರು, ನಿಜಕ್ಕೂ ಸಜ್ಜನರು.

"ನಾನು ಕುಡಿಯಲ್ಲ ಸಾರ್" ಎಂದ ಬಾಲರಾಜ ಮೊದಲ ದಿನ.

ಸಭೆ ನಕ್ಕಿತು. ಮೇಷ್ಟ್ರೂ ಪ್ರೀತಿಯಿಂದ ನಕ್ಕರು. "ಎಲ್ಲರೂ ಮೊದಲ್ನೇ ದಿನ ಹಾಗೇ ಹೇಳೋದು. ಒಪ್ಪಿಕೊಳ್ಳೋದೇ ಮೊದಲ್ನೇ ಮೆಟ್ಲು."

ಎರಡನೆಯ ದಿನವೂ ಅದನ್ನೇ ಹೇಳಿದ. ಅಷ್ಟರಲ್ಲಿ ಉಳಿದವರೆಲ್ಲ ಒಂದೆರಡು ಮೆಟ್ಟಿಲು ಹತ್ತಿದ್ದರು, ಇವನೊಬ್ಬ ಕೆಳಗೇ ನಿಂತಿದ್ದ. ನಾಲ್ಕನೆಯ ದಿನದ ಹೊತ್ತಿಗೆ ಶಿಬಿರದ ಅತ್ಯಂತ ಹಟಮಾರಿ ಕುಡುಕನೆಂದು ಅವನಿಗೆ ಹೆಸರು ಬಂತು. ಅವನಿಗಾಗಿ ವಿಶೇಷ ಪ್ರಾರ್ಥನೆಯೂ ನಡೆಯಿತು. ಅದರಲ್ಲಿ ಅವನೂ ಕೈ ಮುಗಿದು ಕೂತಿದ್ದ. ಬೇರೆಯವರ ಪ್ರಾರ್ಥನೆ ಕೆಡಿಸುವುದು ಯಾಕೆ?

ನಂಬಿದವನು ಒಬ್ಬನೇ, ಪಕ್ಕದ ಚಾಪೆಯ ಚಿಕ್ಕಯ್ಯ. ತೋಟದ ಮರ ಹತ್ತಿ ಕೊಂಬೆ ಸವರುವ ಮರಗಸಿ ಕೆಲಸದ ಮುದುಕ, ಶಿಬಿರಕ್ಕೆ ಬರುತ್ತಿರುವುದು ಇದು ಮೂರನೇ ಸಲ. "ನೀನು ಕುಡ್ದವನಲ್ಲ ಬಿಡು" ಎಂದ.

"ಹೆಂಗೆ ಗೊತ್ತಾಯ್ತು?"

"ಕುಡ್ದವ ಯಾರಾದ್ರೂ ಈ ಗಂಜಿನ ಎರಡ್ನೇ ಸಲ ಹಾಕಿಸ್ಕೋತಾನಾ?" ಚಿಕ್ಕಯ್ಯ ಟೋಪಿ ತೆಗೆದು ತಲೆ ಕೆರೆದುಕೊಂಡ. "ಆದ್ರೆ ಈ ಬಾಯಲ್ಲಿ ನೀನು ಪಾಸಾಗಲ್ಲ ಮಗಾ. ಹೇಳೋದಾದ್ರೆ ಸರಿಯಾಗಿ ಹೇಳು. ಬರೀ ಕುಡ್ದೆ ಅಂದ್ರೆ ಯಾರೂ ನಂಬಲ್ಲ. ಮನೇದು ಏನಾರ ಮಾರಿದ್ದು ಹೇಳು. ಹೆಂಗಸ್ರು ಅಳ್ಬೇಕು."

ಎಂಟನೆಯ ದಿನ ಭವನ ತುಂಬಿತ್ತು. ವೇದಿಕೆಯ ಮೇಲೆ ನಡುವಿನ ಕುರ್ಚಿಯಲ್ಲಿ ಗೌರವಾಧ್ಯಕ್ಷರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೊದಲ ಸಾಲಿನಲ್ಲಿ ಅವ್ವ; ಅವಳ ಪಕ್ಕ ಗುರುವಯ್ಯ; ತುದಿಯಲ್ಲಿ, ಬಾಗಿಲಿಗೆ ಹತ್ತಿರವಾಗಿ ಯಶೋದಾ. ಬಾಲರಾಜನ ಹೆಸರು ಕರೆದಾಗ ಮಂಜಯ್ಯ ಮೇಷ್ಟ್ರು ಬೆನ್ನು ತಟ್ಟಿ ಕಳಿಸಿದರು.

ಮೈಕಿನ ಮುಂದೆ ನಿಂತಾಗ ನಿಜ ನಾಲಿಗೆಯ ತುದಿಯವರೆಗೂ ಬಂದಿತ್ತು. ಎರಡೇ ಮಾತು. ಆದರೆ ಆ ಎರಡು ಮಾತನ್ನು ಅವನು ಎಂಟು ದಿನದಿಂದ ಹೇಳಿ ಹೇಳಿ ಸವೆಸಿದ್ದ. ಈಗ ಹೇಳಿದರೂ ಇವರು ನಗುತ್ತಾರೆ, ಸಾವ್ಕಾರರೂ ನಗುತ್ತಾರೆ, ಸಂಜೆಗೆ ಅವ್ವನ ಪಾತ್ರೆಪಗಡ ಲೈನಿನ ಹೊರಗಿರುತ್ತದೆ. ಅವ್ವನ ಕಡೆ ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ನಾನು ಕುಡೀತಿದ್ದೆ" ಎಂದ.

ಸಭೆ ನಿಟ್ಟುಸಿರು ಬಿಟ್ಟಿತು. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಬಾಲರಾಜನ ಬಳಿ ತನ್ನದೆಂದು ಹೇಳಲು ಒಂದು ತೊಟ್ಟೂ ಇರಲಿಲ್ಲ, ಹಾಗಾಗಿ ಅಪ್ಪನದನ್ನು ತೆಗೆದುಕೊಂಡ. "ನಮ್ಮವ್ವನ ತಾಮ್ರದ ಹಂಡೆ ಇತ್ತು. ಅದನ್ನ ತಲೆ ಮೇಲೆ ಕವುಚಿಕೊಂಡು ಪೇಟೆ ಮಧ್ಯ ನಡ್ಕೊಂಡು ಹೋಗಿ ಮಾರ್ದೆ." ಹಿಂದಿನ ಸಾಲಿನಲ್ಲಿ ಒಬ್ಬಳು ಬಿಕ್ಕಿದಳು. ಚಿಕ್ಕಯ್ಯ ಮೆಚ್ಚುಗೆಯಿಂದ ತಲೆದೂಗಿದ. ಮುತ್ತಮ್ಮ ತಲೆ ಎತ್ತಿದಳು. ಗಂಡ ಸತ್ತ ದಿನ ಅಳದವಳು, ಅವನ ಪಾಪವನ್ನು ಮಗನ ಬಾಯಲ್ಲಿ ಕೇಳಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸೋಮಶೇಖರಪ್ಪ ಎದ್ದು ಹಾರ ಹಾಕಿದರು. ಚಪ್ಪಾಳೆ ನಿಂತಾಗ ಬಾಗಿಲ ಹತ್ತಿರದ ಕುರ್ಚಿ ಖಾಲಿಯಾಗಿತ್ತು. ಗುರುವಯ್ಯ ಸಂತೋಷದಿಂದಲೇ ಬಂದು ಕೈ ಹಿಡಿದರು, "ಬಿಟ್ಯಲ್ಲ, ಸಾಕು." ಮಗಳು ಆಗಲೇ ಬಸ್ ಹತ್ತಿದ್ದು ಅವರಿಗೆ ಇನ್ನೂ ಗೊತ್ತಿರಲಿಲ್ಲ. ಅವಳ ಮೆಸೇಜು ಬಾಲರಾಜನ ಜೇಬಿನಲ್ಲಿ ಗುಂಯ್ ಅಂದಿತು: "ಹಂಡೆ ಕಥೆ ಚೆನ್ನಾಗಿತ್ತು. ನನ್ನ ಮರ್ತುಬಿಡಿ."

ಶಿಬಿರ ಯಶಸ್ವಿಯಾದ ಖುಷಿಗೆ ದಿಲೀಪನ ಗೆಸ್ಟ್‌ಹೌಸಿನಲ್ಲಿ ಗೌರವಾಧ್ಯಕ್ಷರಿಗೆ ಪಾರ್ಟಿ ಇತ್ತು. ಮಧ್ಯಾಹ್ನ ಶುರುವಾದದ್ದು ಹೊತ್ತು ಮುಳುಗುವವರೆಗೆ ನಡೆಯಿತು. ಬಾಲರಾಜ ಹಾರ ಬಿಚ್ಚಿ ಹಿಂದಿನ ಸೀಟಿಗೆ ಹಾಕಿ, ಜೀಪಿನಲ್ಲಿ ಕಾದ. ಟೋಪಿ ತೆಗೆಯಲು ನೆನಪಾಗಲಿಲ್ಲ.

ಮೋರಿಯ ತಿರುವಿಗೆ ಬಂದಾಗ ಸಾವ್ಕಾರರು "ನಿಲ್ಸು" ಅಂದರು.

ನಿಲ್ಲಿಸಿದ. ಅವರು ಇಳಿದು ತೂರಾಡುತ್ತ ಕಟ್ಟೆ ಹತ್ತಿದರು. ಕೆಳಗೆ ಕಣಿವೆ ಕಪ್ಪಾಗುತ್ತಿತ್ತು. ಬಾಲರಾಜ ಹೆಡ್‌ಲೈಟ್ ಆರಿಸಲಿಲ್ಲ. ಇಳಿದು, ಬಾನೆಟ್ಟಿಗೆ ಒರಗಿ, ಅವರ ಮೇಲೆ ಕಣ್ಣು ನೆಟ್ಟು ನಿಂತ.

"ಲೈಟ್ ಆಫ್ ಮಾಡೋ."

ಅವನು ಅಲ್ಲಾಡಲಿಲ್ಲ.

"ಏಯ್, ಎಂತ ನೋಡ್ತಿದೀಯ? ಮುಖ ತಿರುಗ್ಸು."

"ಆಗಲ್ಲ ಸಾವ್ಕಾರ್ರೇ. ಹಡಗಿನಲ್ಲಿ ಹೇಳ್ಕೊಟ್ಟಿದಾರೆ. ಕಣ್ಣು ತೆಗೀಬಾರ್ದು ಅಂತ."

"ಕುಡ್ದಿದೀಯೇನೋ?"

"ಬೆಳಿಗ್ಗೆ ಬಿಟ್ನಲ್ಲ ಸಾವ್ಕಾರ್ರೇ. ನೀವೇ ಹಾರ ಹಾಕಿದ್ರಿ."

ಎರಡು ದೀಪದ ಬೆಳಕಿನಲ್ಲಿ, ಬಿಳಿ ಟೋಪಿಯ ಕೆಳಗಿನ ಆ ಎರಡು ಕಣ್ಣುಗಳ ಎದುರಿನಲ್ಲಿ, ಸೋಮಶೇಖರಪ್ಪ ಕಟ್ಟೆಯ ಮೇಲೆ ಬಹಳ ಹೊತ್ತು ನಿಂತರು. ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ ಅಂದು ನಡೆಯಲಿಲ್ಲ. ಒಂದಷ್ಟು ಬೈದರು, ಆಮೇಲೆ ಬೇಡಿಕೊಂಡ ಹಾಗೆ ಏನೋ ಅಂದರು. ಕೊನೆಗೆ ಗುಂಡಿ ಹಾಕಿಕೊಂಡು ಇಳಿದು ಬಂದು ಕೂತರು. ಜೀಪು ಹೊರಟಿತು. ಎಸ್ಟೇಟಿನ ಗೇಟಿಗೆ ಇನ್ನೂ ದೂರವಿತ್ತು, ರಸ್ತೆಯೋ ಗುಂಡಿಗಳದ್ದೇ. ಬಾಲರಾಜ ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ.

ಜಗಲಿಯ ಮೇಲೆ ಸಾವಿತ್ರಮ್ಮ ನಿಂತಿದ್ದರು. ಗಂಡ ಕಾಲು ಅಗಲ ಹಾಕಿಕೊಂಡು, ಯಾರನ್ನೂ ನೋಡದೆ, ಒಳಗೆ ಹೋದರು. ನಡೆದ ದಾರಿಯಲ್ಲಿ ಸಿಮೆಂಟು ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಸಾವಿತ್ರಮ್ಮ ಆ ಹೆಜ್ಜೆಗಳನ್ನು ನೋಡಿದರು, ಬಾಲರಾಜನನ್ನು ನೋಡಿದರು. ಕೇಳಬೇಕಾದ್ದನ್ನು ಕೇಳದೆ ಬಿಡಲು ಅವರಿಗೂ ಆಗಲಿಲ್ಲ.

"ಮುಟ್ಸಿದ್ಯಾ?"

"ಮುಟ್ಸಿದೆ ಅಮ್ಮಾವ್ರೇ. ಸಮುದ್ರದಿಂದ ಎತ್ತಿ ತಂದ ಹಾಗೇ."

ಅವರು ಬಾಗಿಲು ಹಾಕಿಕೊಂಡರು. ನಾಳೆಯಿಂದ ಕೆಲಸ ಇದೆಯೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ಆ ದಿನದ ಮಟ್ಟಿಗೆ ಒಂದು ಕೆಲಸವಂತೂ ಬಾಕಿಯಿತ್ತು. ಬಾಲರಾಜ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ತಂದ. ಎಂಟು ದಿನದ ಬಿಳಿ ಟೋಪಿಯನ್ನು ತಲೆಯಿಂದ ತೆಗೆದು ಅದರಲ್ಲಿ ಅದ್ದಿ, ಹಿಂಡಿ, ಸಾವ್ಕಾರರ ಸೀಟನ್ನು ಒರೆಸತೊಡಗಿದ. ಅದನ್ನು ಒರೆಸುವವನೂ ಎಸ್ಟೇಟಿನಲ್ಲಿ ಅವನೊಬ್ಬನೇ.